ಹನ್ನೊಂದನೆಯ ಮಂಚ

ಟಿ.ವಿ.ಯಲ್ಲಿ ಕ್ಯಾಮೆರಾ ಆರನೆಯ ಮಂಚ ದಾಟಿದಾಗಲೂ ಎನಿಡ್ ಕೂತಿರಲಿಲ್ಲ. ಬ್ರಾಡ್‌ಫರ್ಡಿನ ಆ ಬೀದಿಗೆಲ್ಲ ಇದ್ದದ್ದು ವಿನಿಯ ಮನೆಯದೊಂದೇ ಟಿ.ವಿ. ಕ್ರಿಸ್‌ಮಸ್ ಊಟ ಮುಗಿಸಿ ಬೀದಿಯೇ ಅಲ್ಲಿ ನೆರೆದಿತ್ತು. ಮಕ್ಕಳ ಆಸ್ಪತ್ರೆಯಿಂದ ನೇರ ಪ್ರಸಾರ. ಎನಿಡಳ ಮೂರು ವರ್ಷದ ಮಗಳು ಡೋರೀನ್ ಸೊಂಟದ ಕ್ಷಯದಿಂದ ಅಲ್ಲಿನ ಹನ್ನೊಂದನೆಯ ಮಂಚದಲ್ಲಿ ಮಲಗಿ ಎಂಟು ತಿಂಗಳಾಗಿತ್ತು. ತಾಯಂದಿರನ್ನು ಒಳಗೆ ಬಿಡುತ್ತಿದ್ದುದು ತಿಂಗಳಿಗೊಂದು ಭಾನುವಾರ.

“ಕೂತ್ಕೊಳ್ಳೇ, ನಿನ್ನ ಬೆನ್ನು ನೋಡೋಕಾ ನಾವು ಬಂದಿರೋದು?” ಅಂದಳು ವಿನಿ.

“ಕೆಂಪು ಸ್ವೆಟರ್ ಹಾಕಿರ್ತಾಳೆ, ನಾನೇ ಹೆಣೆದದ್ದು,” ಅಂದಳು ಎನಿಡ್, ಪರದೆಯ ಮೇಲೆ ಎಲ್ಲವೂ ಬೂದುಬಣ್ಣ ಅನ್ನುವುದನ್ನು ಮರೆತು.

ಡೋರೀನ್ ಕಾಣಿಸಿದಳು. ಕೆನ್ನೆ ತುಂಬಿಕೊಂಡಿತ್ತು. ಕ್ರಿಸ್‌ಮಸ್ ತಾತನ ವೇಷದವನು ಬಗ್ಗಿ, “ಅಮ್ಮಂಗೊಂದು ಮುತ್ತು ಕೊಡ್ತೀಯಾ ಪುಟ್ಟಿ?” ಅಂತ ಕ್ಯಾಮೆರಾ ತೋರಿಸಿದ. ಮಗು ಅತ್ತ ನೋಡಲೇ ಇಲ್ಲ. ದಿಂಬು ಸರಿಪಡಿಸುತ್ತಿದ್ದ ನರ್ಸಿನ ಕೊರಳಿಗೆ ಕೈ ಹಾಕಿ, ಎಳೆದು, ಅವಳ ಕೆನ್ನೆಗೆ ಮುತ್ತಿಟ್ಟಳು.

ಯಾರೋ ಚಪ್ಪಾಳೆ ತಟ್ಟಲು ಹೋಗಿ ಕೈ ತಡೆದುಕೊಂಡರು. ಎನಿಡ್ ಬಾಗಿಲ ಹಿಂದೆ ನೇತುಹಾಕಿದ್ದ ಕೋಟು ತೆಗೆದುಕೊಂಡಳು.

“ಇವತ್ತು ಶುಕ್ರವಾರ ಕಣೇ, ಒಳಗೆ ಬಿಡಲ್ಲ,” ಅಂದಳು ವಿನಿ.

“ಅಷ್ಟು ದೊಡ್ಡ ಕ್ಯಾಮೆರಾನ ಬಿಟ್ಟಿದ್ದಾರೆ,” ಅನ್ನುತ್ತ ಎನಿಡ್ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.