ರುಚಿ ನೋಡಿದ ತಾಯಿ

ಉಗ್ರಾಣದ ಬಾಗಿಲು ತೆಗೆದ ಕೂಡಲೇ ಸರಿತಾ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಹಿಂದೆ ನಿಂತಿದ್ದ ಅಡುಗೆಯ ತಾಯವ್ವನೂ ಒತ್ತಿಕೊಂಡಳು. ಮುಖ್ಯೋಪಾಧ್ಯಾಯ ಅಣ್ಣಾಸಾಹೇಬರು ಇಸ್ತ್ರಿ ಮಾಡಿದ ಕರವಸ್ತ್ರ ಹೊರತೆಗೆದರು. ಮುಗ್ಗಿದ ಬೇಳೆ, ಕಮಟು ಎಣ್ಣೆ, ಅದರಡಿಯಲ್ಲಿ ಸತ್ತ ಇಲಿಯಂಥದ್ದೇನೋ.

ವಿಚಾರಣೆಗೆ ಕರೆಸಿದ್ದ ಉದ್ದವ್ವ ಮಾತ್ರ ಬೇಳೆಯ ಚೀಲಕ್ಕೆ ಒರಗಿ ನಿಂತಿದ್ದಳು. ಮುಖದ ಒಂದು ಗೆರೆಯೂ ಕದಲಲಿಲ್ಲ. ಎಂಥ ಗಟ್ಟಿ ಹೆಂಗಸು, ಎಂದುಕೊಂಡರು ಸರಿತಾ.

ದಡ್ಡಿಯ ಬಸ್ಸು ಹಾದುಹೋಗುವ ಈ ಸಣ್ಣ ಊರಿನ ಶಾಲೆಯಲ್ಲಿ ಮೊನ್ನೆ ಬಿಸಿಯೂಟ ಉಂಡ ಹದಿನಾರು ಮಕ್ಕಳು ಹುಕ್ಕೇರಿಯ ಆಸ್ಪತ್ರೆ ಸೇರಿದ್ದರು. ಉದ್ದವ್ವನ ಮಗಳು ಸಂಘಮಿತ್ರಾ ಅವರಲ್ಲೊಬ್ಬಳು. ತನಿಖೆ ಸರಿತಾ ಅವರದು. ಸಂಜೆ ಐದಕ್ಕೆ ವರದಿ ಮೇಲಧಿಕಾರಿಯ ಮೇಜಿನ ಮೇಲಿರಬೇಕು. ಅದರಲ್ಲಿ ಯಾರ ಹೆಸರು ಇರುತ್ತದೋ ಅವರ ಮೇಲೆ ಇಂದೇ ಪೊಲೀಸ್ ಕೇಸು.

ಇಂಥ ವರದಿಗಳನ್ನು ಸರಿತಾ ಮೊದಲೂ ಬರೆದಿದ್ದರು. ಗೋಕಾಕದಲ್ಲಿ ತಪ್ಪು ಇಳಿಯುತ್ತ ಇಳಿಯುತ್ತ ಕಸ ಗುಡಿಸುವವಳ ಕೊರಳಿಗೆ ಬಿತ್ತು. ಮೂಡಲಗಿಯಲ್ಲಿ ಅಕ್ಕಿ ಸಾಗಿಸಿದ ಟಂಟಂ ಚಾಲಕನಿಗೆ. ಎರಡಕ್ಕೂ ಇವರದೇ ಸಹಿ. ಆ ಸಂಜೆಗಳಲ್ಲಿ ಮನೆಗೆ ಹೋಗಿ ಎಷ್ಟು ಸಲ ಕೈ ತೊಳೆದುಕೊಂಡರೂ ಊಟಕ್ಕೆ ಮನಸ್ಸಾಗಿರಲಿಲ್ಲ.

ಚೀಲವನ್ನು ಬೆಳಕಿಗೆ ಎಳೆಸಿದರು. ಮೇಲಿನ ಮುದ್ರೆ ಈ ವರ್ಷದ್ದು. ಬಾಯಿಯ ಹೊಲಿಗೆ ಮಾತ್ರ ಯಂತ್ರದ್ದಲ್ಲ, ದಬ್ಬಣದ್ದು. ಒಳಗಿನ ಬೇಳೆ ಬೂದಿಬಣ್ಣ, ಜೇಡರ ಬಲೆಯಂತೆ ಎಳೆ ಎಳೆ. ಒಳ್ಳೆಯ ಬೇಳೆ ಎಲ್ಲಿಗೋ ಹೋಗಿತ್ತು, ಇದು ಎಲ್ಲಿಂದಲೋ ಬಂದಿತ್ತು. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು.

ಅಣ್ಣಾಸಾಹೇಬರು ಉತ್ತರದ ಬದಲು ಎಲ್ಲರನ್ನೂ ತಮ್ಮ ಕೋಣೆಗೆ ಕರೆದೊಯ್ದು ಒಂದು ವಹಿ ಚಾಚಿದರು. ಮಕ್ಕಳಿಗೆ ಬಡಿಸುವ ಮೊದಲು ದಿನವೂ ಒಬ್ಬ ತಾಯಿ ಬಂದು ರುಚಿ ನೋಡಿ ಅದರಲ್ಲಿ ಸಹಿ ಹಾಕಬೇಕು. ಅದು ಶಾಲೆಯ ಪದ್ಧತಿ.

"ನೋಡ್ರಿ ಮೇಡಂ. ಹಡದ ತಾಯಿನ ಚೊಲೋ ಐತಿ ಅಂತ ಬರದ ಮ್ಯಾಲ ಮಾಸ್ತರ ಏನ್ ಮಾಡಬೇಕ್ರಿ?"

ಸರಿತಾ ಪುಟ ತಿರುವಿದರು. ಮೊದಲಿನ ಪುಟಗಳಲ್ಲಿ ದಿನಕ್ಕೊಬ್ಬ ತಾಯಿ, ಪಾಳಿಯ ಪ್ರಕಾರ. ಆಗಸ್ಟ್ ಐದರಂದು ನಂದಿನಿ ಎಂಬುವಳು ಬರೆದಿದ್ದಳು: ಬ್ಯಾಳಿ ವಾಸನಿ ಹೊಡೀತೈತಿ. ಆರರಿಂದ ಮೊನ್ನೆಯವರೆಗೆ ಒಂದೇ ಕೈಬರಹ, ಒಂದೇ ಮಾತು. ಚೊಲೋ ಐತಿ, ಉದ್ದವ್ವ. ಚೊಲೋ ಐತಿ, ಉದ್ದವ್ವ.

ಪಾಳಿ ಏಕೆ ನಿಂತಿತು ಎಂಬುದಕ್ಕೂ ಅಣ್ಣಾಸಾಹೇಬರ ಬಳಿ ಉತ್ತರ ಸಿದ್ಧವಿತ್ತು. ಉಳಿದ ತಾಯಂದಿರಿಗೆ ಹೊಲದ ಕೆಲಸ. ಇವಳೊಬ್ಬಳೇ ತಪ್ಪದೆ ಬರುವವಳು. ಮೇಲಾಗಿ ಇವಳ ಕೇರಿಯವರಿಗೆ ಇಂಥ ಮಾನ ಯಾವ ಶಾಲೆ ಕೊಡುತ್ತದೆ? ತಮ್ಮಲ್ಲಿ ಆ ಭೇದವಿಲ್ಲ. ಮತ್ತೆ ದನಿ ತಗ್ಗಿಸಿ, ಬಡವರು, ಯಾರಾದರೂ ಏನಾದರೂ ಕೊಟ್ಟಿದ್ದರೆ ತಮಗೆ ತಿಳಿಯದು ಎಂದರು. ಮೇಜಿನ ಮೇಲಿದ್ದ ಕರದಂಟಿನ ಡಬ್ಬಿಯನ್ನು ಸರಿತಾ ಕಡೆ ಸರಿಸಿದರು. ಸರಿತಾ ಅದನ್ನು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದರು.

ತಾಯವ್ವನನ್ನು ಕೇಳಿದರು. ಬೇಳೆ ಕೆಟ್ಟಿದೆ ಎಂದು ತಾನು ಎರಡು ಸಲ ಹೇಳಿದ್ದೆ, ರುಚಿ ನೋಡುವ ತಾಯಿಗಿಂತ ನಿನಗೆ ಹೆಚ್ಚು ತಿಳಿಯುತ್ತದೆಯೇ ಎಂದು ಸರ್ ಗದರಿದರು ಎಂದಳು. ಹೇಳುತ್ತ ಉದ್ದವ್ವನನ್ನು ನುಂಗುವಂತೆ ನೋಡಿದಳು.

ಸರಿತಾ ಉದ್ದವ್ವನತ್ತ ತಿರುಗಿದರು. ಮೊನ್ನೆಯ ಸಾರು ಹೇಗಿತ್ತು?

"ಉಪ್ಪು ಖಾರ ಬರೋಬ್ಬರಿ ಇತ್ರಿ ಬಾಯಾರ."

"ನಿನ್ನ ಮಗಳು?"

ಉದ್ದವ್ವ ನೆಲ ನೋಡಿದಳು. "ಅಕಿ ಒಲ್ಲೆ ಅಂದ್ಳರಿ. ಅನ್ನಕ್ಕ ಹೆಸರ ಇಡಬಾರ್ದು, ಉಣ್ಣು ಅಂತ ನಾನ ಕುಂದರಿಸಿ ಉಣಿಸಿದ್ನಿ."

ಸರಿತಾ ವಹಿ ಮುಚ್ಚಿದರು. ಬೇಳೆ ಬದಲಿಸಿದವರ ಮೇಲಿನ ಹೇಸಿಗೆ ಬೇರೆ. ಇವಳ ಮೇಲಿನದು ಬೇರೆ. ಮನೆಯಲ್ಲಿ ಅವರಿಗೂ ಎಂಟು ವರ್ಷದ ಮಗಳಿದ್ದಳು. ಹಾಲು ಚೂರು ಹುಳಿಯಾಗಿದ್ದರೂ ಮೂಸಿ ಚೆಲ್ಲುತ್ತಿದ್ದರು. ಇವಳು ಈ ಕೊಳೆಯನ್ನು ಹೆತ್ತ ಮಗುವಿನ ಬಾಯಿಗಿಟ್ಟು ಸಹಿ ಹಾಕಿದ್ದಾಳೆ. ಈ ಸಲ ವರದಿಗೆ ಸಹಿ ಹಾಕಿದ ಮೇಲೂ ಊಟ ಸೇರುತ್ತದೆ ಎನಿಸಿತು.

ಮಗಳಿಗೆ ಹಾಲು ಕಾಸಿ ಒಯ್ಯಬೇಕೆಂದು ಉದ್ದವ್ವ ಕೇಳಿಕೊಂಡಳು. ಹೇಳಿಕೆಗೆ ಸಹಿ ಆಗಬೇಕಿತ್ತು. ಸರಿತಾ ಕಾಗದ ಹಿಡಿದು ಅವಳ ಹಿಂದೆಯೇ ಮನೆಗೆ ಹೋದರು. ಎರಡು ಕೋಣೆಯ ಮನೆ. ಗೋಡೆಗೆ ಬುದ್ಧನ ಚಿತ್ರ. ಯಾರೋ ಏನೋ ಕೊಟ್ಟ ಗುರುತಿಗಾಗಿ ಸರಿತಾ ಕಣ್ಣಾಡಿಸಿದರು. ಎರಡು ಡಬ್ಬಿ, ಒಂದು ಚಾಪೆ, ಮಗುವಿನ ಪಾಟಿಚೀಲ. ಅಷ್ಟೇ.

ಉದ್ದವ್ವ ಒಳಗೆ ಹಾಲಿಟ್ಟು ಬಂದು ಎದುರು ಕುಳಿತಳು. ಸರಿತಾ ಹೇಳಿಕೆ ಓದತೊಡಗಿದರು. ಊಟ ಕೆಟ್ಟಿದ್ದು ತಿಳಿದೂ ಚೆನ್ನಾಗಿದೆ ಎಂದು ಸಹಿ ಮಾಡಿರುತ್ತೇನೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಸೀದ ಹಾಲಿನ ಘಾಟು ಬಂತು. ಸರಿತಾ ಕೆಮ್ಮಿದರು. ಉದ್ದವ್ವ ಕದಲಲಿಲ್ಲ. ಕೈಕಟ್ಟಿ, ತನ್ನ ಮೇಲಿನ ಆರೋಪವನ್ನು ಪಾಠದಂತೆ ಕೇಳುತ್ತಿದ್ದಳು. ಘಾಟು ಮನೆಯೆಲ್ಲ ತುಂಬಿತು.

"ಹಾಲು ಹತ್ತಾಕತ್ತೈತಲ್ಲ, ತಿಳಿಯೂದಿಲ್ಲೇನ?"

ಉದ್ದವ್ವ ದಡಬಡಿಸಿ ಒಳಗೆ ಓಡಿದಳು. ತಳ ಕರಿಯಾದ ಪಾತ್ರೆ ಹಿಡಿದು ಹೊರಬಂದಾಗ ಅವಳ ಕಣ್ಣಲ್ಲಿ ನೀರಿತ್ತು. ಮನೆಯಲ್ಲಿದ್ದದ್ದು ಅಷ್ಟೇ ಹಾಲು.

ಸರಿತಾ ಪೆನ್ನಿನ ಮುಚ್ಚಳ ಹಾಕಿದರು. ಉಗ್ರಾಣದಲ್ಲಿ ಚೀಲಕ್ಕೆ ಒರಗಿದ್ದ ಆ ಮುಖ ನೆನಪಾಯಿತು. ಎಂದಿನಿಂದ ಹೀಗೆ ಎಂದು ಕೇಳಿದರು, ಬಹಳ ಮೆಲ್ಲಗೆ.

"ಆ ದೊಡ್ಡ ಜ್ವರ ಬಂದು ಹೋದಾಗಿಂದ್ರಿ, ಯಾವ ವಾಸನೀನೂ ತಿಳಿಯೂದಿಲ್ಲ. ಹಿಂಗೈತಿ, ನನಗ ಈ ಕೆಲಸ ಬ್ಯಾಡ ಅಂತ ಮೊದಲನೇ ದಿನಾನ ಹೇಳಿದ್ನಿರಿ, ಅಣ್ಣಾಸಾಹೇಬ ಸರ್ ನಕ್ಕು, 'ಅದಕ್ಕ ನೀನ ಬೇಕವಾ ತಂಗಿ' ಅಂದ್ರು."