ಟೇಪು ಸುತ್ತುವ ಕೈ

"ಎದುರಿನ ಅಂಗಡಿಯವ ಸುತ್ತಿದ ಟೇಪು ರೇಸ್ ಮುಗದ್ರೂ ಸಡಿಲಾಗಂಗಿಲ್ಲ ನೋಡ್ರಿ ಕಾಕಾ," ಎಂದು ಗಾಳಿ ಹಾಕಿಸಲು ಬಂದ ಹುಡುಗಿ ತನ್ನ ಸೈಕಲ್ಲಿನ ಹ್ಯಾಂಡಲ್ ತೋರಿಸಿದಳು.

ಬೇರೊಂದು ಹ್ಯಾಂಡಲ್ಲಿಗೆ ಟೇಪು ಸುತ್ತುತ್ತಿದ್ದ ಮೌಲಾಸಾಬ ಕೆಲಸ ನಿಲ್ಲಿಸಿ ಅವಳ ಹ್ಯಾಂಡಲ್ಲಿನ ಟೇಪಿನಲ್ಲಿ ತಪ್ಪು ಹುಡುಕಿದ. ಎದುರಿನವ ಕೆಳತುದಿಯಿಂದ ಶುರು ಮಾಡಿ, ಬಿಗಿಯಾಗಿ ಜಗ್ಗುತ್ತ, ಸುತ್ತಿನ ಮೇಲೆ ಅರ್ಧ ಸುತ್ತು ಕೂರಿಸಿದ್ದ. ಒಂದು ತಪ್ಪೂ ಸಿಗದೆ ಹೊಟ್ಟೆ ಉರಿಯಿತು.

"ಯಾವ ಉಸ್ತಾದ ಕಲಿಸ್ಯಾನಂತ ಅವಗ?"

"ಯಾರೂ ಇಲ್ಲಂತ್ರಿ. ಗಿರಾಕಿ ಇಲ್ಲದಾಗೆಲ್ಲ ಕುಂತಲ್ಲಿಂದ ನಿಮ್ಮ ಕೈನ ನೋಡ್ತಿದ್ನಂತ. ನಿಮಗ ಉಸ್ತಾದ ಅಂತಾನ."

ಮೌಲಾಸಾಬನ ಮುಖ ಅರಳಿತು. "ಹಂಗಂದ್ನೇನು? ಛಲೋ ಮನಷ್ಯಾ ಬಿಡವ್ವಾ."

ಆಮೇಲೆ ಎದ್ದು, ರಸ್ತೆ ಕಡೆಯ ತಾಡಪತ್ರಿಯನ್ನು ನೆಲ ಮುಟ್ಟುವಂತೆ ಇಳಿಬಿಟ್ಟು, ಉಳಿದ ಟೇಪು ಸುತ್ತಲು ಕುಳಿತ.