ಒತ್ತದ ಪೆಡಲ್

ಬಲಗಾಲನ್ನು ಆಕ್ಸಿಲರೇಟರ್ ಪೆಡಲಿನಿಂದ ದೂರ ಇಟ್ಟುಕೊಂಡೇ ಇದೆರ್ ಕೀಲಿ ತಿರುಗಿಸಿದ. ಎಂಜಿನ್ ಗರಗರ ಸುತ್ತಿತು. ಎತ್ತಿದ ಬಾನೆಟ್ಟಿನ ಆಚೆ ಮುದುಕ ಮಾಪಕದ ಮೇಲೆ ಬಗ್ಗಿ ನಿಂತಿದ್ದ.

"ಎಷ್ಟು ತೋರಿಸ್ತಿದೆ, ಅಜ್ಜ?"

"ಎಂಟು."

ಹನ್ನೆರಡು ಇರಬೇಕಾದ ಕಡೆ ಎಂಟು. ಇನ್ನೆಷ್ಟು ತೋರಿಸೀತು? ಸಿಲಿಂಡರಿನ ಒತ್ತಡ ಅಳೆಯುವಾಗ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಒಳಗೆ ಗಾಳಿ ಸಾಲದು. ಗಾಳಿ ಸಾಲದಿದ್ದರೆ ಎಂಥ ಗಟ್ಟಿ ಎಂಜಿನ್ನೂ ಮಾಪಕದ ಮುಂದೆ ಕ್ಷಯರೋಗಿಯಾಗುತ್ತದೆ. ಉಲಾನ್‌ಬಾತರಿನ ಹಳೇ ಗಾಡಿಗಳ ಸಂತೆಯಲ್ಲಿ ಇದನ್ನು ತಿಳಿದವರು ಬೇಕಾದಷ್ಟು ಜನ. ಜೀವಮಾನವೆಲ್ಲ ಕುರಿಯ ಹಿಂದೆ ನಡೆದವರಿಗೆ ತಿಳಿಯದು. ತಾನು ಸುಳ್ಳೇನೂ ಹೇಳುತ್ತಿಲ್ಲವಲ್ಲ ಎಂದುಕೊಂಡ ಇದೆರ್. ಮುದುಕ ತನ್ನ ಕಣ್ಣಿಂದಲೇ ಓದುತ್ತಿದ್ದಾನೆ.

ಮುದುಕನ ಹೆಸರು ಚೋಯ್ಜಿಲ್. ಮಂದೆಯನ್ನು ಅಣ್ಣನ ಮಕ್ಕಳಿಗೆ ಹಂಚಿ, ನಗರದಲ್ಲಿ ಮಗಳ ಜೊತೆ ಇರಲು ಬಂದಿದ್ದ. ನಾಲ್ಕೂ ಚಕ್ರಕ್ಕೆ ಬಲವಿರುವ ಈ ಎತ್ತರದ ಗಾಡಿ ಅವನಿಗೆ ಇನ್ನು ಭಾರ. ಇದೆರ್‌ನ ಪುಟ್ಟ ಕಾರು ಸಾಕು, ಬದಲಾಯಿಸಿಕೊಳ್ಳೋಣ, ಮೇಲೊಂದಿಷ್ಟು ದುಡ್ಡು ಸೇರಿಸು ಎಂದಿದ್ದ. ಆ 'ಮೇಲೊಂದಿಷ್ಟ'ನ್ನು ಇಲ್ಲವಾಗಿಸುವುದು ಇದೆರ್‌ನ ಇವತ್ತಿನ ಕೆಲಸ.

ಗಾಡಿಯಂತೂ ಅವನಿಗೆ ಬೇಕೇ ಬೇಕಿತ್ತು. ಹೊಸವರ್ಷದ ಬಿಳಿ ತಿಂಗಳ ಹಬ್ಬಕ್ಕೆ ವಾರವೂ ಇಲ್ಲ. ಕಳೆದ ವರ್ಷ ಹೆಂಡತಿಯ ತವರಾದ ಊವ್ಸ್‌ನ ಘಾಟಿಯಲ್ಲಿ ಆ ಪುಟ್ಟ ಕಾರು ಹಿಮದಲ್ಲಿ ಹೂತು ನಿಂತಾಗ, ಮಾವ ಎರಡು ಡುಬ್ಬದ ಒಂಟೆ ಕಟ್ಟಿ ಎಳೆಸಿದ್ದ. ಹಬ್ಬ ಮುಗಿಯುವವರೆಗೆ ಬಂದ ಅತಿಥಿಗಳಿಗೆಲ್ಲ ಅದೇ ಕಥೆ. ಊರು ಇದೆರ್‌ಗೆ 'ಒಂಟೆ ಅಳಿಯ' ಎಂದು ಹೆಸರಿಟ್ಟಿತು. ಈ ಸಲವೂ ಹಾಗೇ ಆದರೆ ತಾನು ತವರಲ್ಲೇ ಉಳಿಯುತ್ತೇನೆ ಎಂದು ಹೆಂಡತಿ ಉರ್ನಾ ತಣ್ಣಗೆ ಹೇಳಿದ್ದಳು. ತಣ್ಣಗೆ ಹೇಳಿದ್ದೇ ಅವನಿಗೆ ಭಯ ಹುಟ್ಟಿಸಿತ್ತು.

ಎರಡನೆಯ ಸಿಲಿಂಡರೂ ಎಂಟೇ ತೋರಿಸಿತು. ಮುದುಕ ಮಾಪಕವನ್ನು ಮೂರನೆಯದಕ್ಕೆ ತಿರುಗಿಸಿ ಕೂರಿಸಿದ. ಇದೆರ್ ಕೀಲಿ ತಿರುಗಿಸಿದ. ಮುದುಕ ಮಾಪಕದ ಮೇಲೆ ಇನ್ನಷ್ಟು ಬಗ್ಗಿದ.

"ಹೇಳಿ ಅಜ್ಜ, ಚಳಿಗೆ ನಾಲಿಗೆ ಅಂಟ್ಕೊಂತಾ?"

"ಎರಡು."

ಇದೆರ್ ತುಟಿ ಕಚ್ಚಿ ನಗು ತಡೆದ. ಮುದುಕನಿಗೆ ಕಣ್ಣೂ ಇಲ್ಲ, ಅಂಕಿಯೂ ಬಾರದು. ಇಂಥವರ ಕೈಗೆ ಇಷ್ಟು ಒಳ್ಳೆಯ ಗಾಡಿ ಸಿಗುವುದೇ ಈ ದೇಶದ ದುರ್ಗತಿ. ಇರಲಿ, ಎಷ್ಟು ಕಡಿಮೆ ಓದಿದರೆ ಅಷ್ಟು ಒಳ್ಳೆಯದು. ಬೆಳಿಗ್ಗೆ ಸಂತೆಗೆ ಬಂದಾಗ ಗಾಡಿ ಗಡಗಡ ನಡುಗುತ್ತಿತ್ತು. ಈ ಚಳಿಯಲ್ಲಿ ನಡುಗದ ಗಾಡಿ ಯಾವುದು? ಅದೂ ತನ್ನ ವಾದಕ್ಕೇ ಆಯಿತು.

"ಇನ್ನೊಂದ್ಸಲ ತಿರುಗಿಸಿ ನೋಡ್ತೀಯಾ, ತಮ್ಮಾ? ನೀನೇ ಬಂದು ನೋಡು. ದೂರದ ದಾರಿ ಅಂದೆಯಲ್ಲ."

"ಏನೂ ಬೇಡ. ನಿಮ್ಮ ಮಾತು ಸಾಕು."

ನಾಲ್ಕನೆಯದು ಮತ್ತೆ ಎಂಟು. ಇದೆರ್ ಕೆಳಗಿಳಿದು, ಮಾಪಕದ ಕಡೆ ನೋಡದೆ, ಅದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿದ. ತನ್ನದೇ ಆಟವನ್ನು ತಾನೇ ಏನು ನೋಡುವುದು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, ಸಾವಿನ ಮನೆಯವರ ಹತ್ತಿರ ಆಡುವ ದನಿಯಲ್ಲಿ ಶುರುಮಾಡಿದ.

"ಅಜ್ಜ, ಈ ಎಂಜಿನ್ ಸತ್ತಿದೆ."

ಮುದುಕ ಬೆಚ್ಚಿ ಸುತ್ತ ನೋಡಿದ. "ಮೆಲ್ಲಗೆ ಹೇಳು. ಗಾಡಿ ಇಲ್ಲೇ ಇದೆ."

ಇದೆರ್‌ಗೆ ಅಸಹ್ಯವಾಯಿತು. ಪಯಣಕ್ಕೆ ನಿಂತ ಕುದುರೆಯ ಬಗ್ಗೆ, ಗಾಡಿಯ ಬಗ್ಗೆ ಅಶುಭ ನುಡಿಯಬಾರದು, ನುಡಿದರೆ ಅದೇ ಆಗುತ್ತದೆ ಎಂದು ಅವನ ಅಮ್ಮನೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ತಗಡಿಗೂ ಕಿವಿ ಇದೆ ಎಂದು ನಂಬುವ ಜನ. ಇವರನ್ನು ಯಾಮಾರಿಸುವುದರಲ್ಲಿ ಸುಖವೂ ಇಲ್ಲ.

"ನಾಲ್ಕೂ ಸಿಲಿಂಡರ್ ಸವೆದಿವೆ," ಎಂದ, ಬೇಕೆಂದೇ ಗಟ್ಟಿಯಾಗಿ. "ಮೇಲೆ ದುಡ್ಡು ಹಾಕೋ ಮಾತೇ ಇಲ್ಲ. ಇದಕ್ಕದು, ಅದಕ್ಕಿದು. ಅದೂ ನಿಮ್ಮ ವಯಸ್ಸು ನೋಡಿ."

ಮುದುಕ ಅವನನ್ನೇ ದಿಟ್ಟಿಸಿದ. "ಮೂರನೇದು?"

"ಅದಂತೂ ಎಲ್ಲಕ್ಕಿಂತ ಹಾಳು. ರಿಪೇರಿ ನನ್ನ ತಲೆಗೆ. ಆಮೇಲೆ ನಿಮ್ಮ ಹತ್ತಿರ ಬಂದು ಕೇಳಲ್ಲ. ಸರಿನಾ?"

"ಸರಿ."

ಅಷ್ಟೇ. ಚೌಕಾಸಿಯಿಲ್ಲ, ಗೊಣಗಾಟವಿಲ್ಲ. ಮುದುಕನ ಮುಖದಲ್ಲಿ ನೆಮ್ಮದಿಯಂಥದ್ದೇನೋ ಕಂಡಿತು. ಹೆಡ್ಡರಿಗೆ ಮೋಸಹೋದಾಗಲೂ ಹೀಗೇ ನೆಮ್ಮದಿ ಇರುತ್ತದೇನೋ ಎಂದುಕೊಂಡ ಇದೆರ್. ಅಲ್ಲೇ ಸಂತೆಯ ಕಚೇರಿಯಲ್ಲಿ ಇಬ್ಬರೂ ಗಾಡಿಗಳ ಕಾಗದದಲ್ಲಿ ಹೆಸರು ಬದಲಾಯಿಸಿಕೊಂಡರು.

ಪಯಣ ಶುಭವಾಗಲೆಂದು ಮುದುಕ ಫ್ಲಾಸ್ಕಿನಿಂದ ಹಾಲು ಬಗ್ಗಿಸಿ ಎರಡೂ ಗಾಡಿಗಳ ಚಕ್ರಕ್ಕೆ ಚಿಮುಕಿಸಿದ. ಹಾಲು ಬಿದ್ದಲ್ಲೇ ಹೆಪ್ಪುಗಟ್ಟಿತು. ಪುಟ್ಟ ಕಾರಿನಲ್ಲಿ ಕೂತು ಅದನ್ನು ಶುರುಮಾಡಿದ. ಸದ್ದೇ ಇಲ್ಲದೆ ಶುರುವಾಯಿತು. ಹೊರಡುವ ಮುಂಚೆ ಗಾಜು ಇಳಿಸಿ, ಇದೆರ್‌ನನ್ನು ತೀರ ಹತ್ತಿರಕ್ಕೆ ಕರೆದ. ಎತ್ತರದ ಗಾಡಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದ.

"ದೇವರಂಥವನು ಕಣಪ್ಪ ನೀನು. ದಾರಿಗೆ ಹೊರಟ ಗಾಡಿ, ಅದರ ಕೇಡು ನನ್ನ ಬಾಯಿಂದ ಹೇಳೋ ಹಾಗಿಲ್ಲ. ಹೇಳದೆ ಕೊಟ್ಟರೆ ಪಾಪ. ಮುಂಚೆ ಬಂದವರು ಯಾರೂ ಅಳೆದೇ ನೋಡಲಿಲ್ಲ, ಅದಕ್ಕೇ ಅವರಿಗೆ ಕೊಡಲಿಲ್ಲ. ನೀನು ಅಳೆದೆ, ನೀನೇ ಬಾಯಿಬಿಟ್ಟು ಹೇಳಿದೆ. ಘಾಟಿ ಹತ್ತೋ ಮೊದಲು ಸರಿ ಮಾಡಿಸ್ಕೋ, ತಮ್ಮಾ. ಮೂರನೇದರ ಪಿಸ್ಟನ್ ಹುಲ್ಲು ಕೊಯ್ಯೋ ಕಾಲದಲ್ಲೇ ಒಡೆದುಹೋಗಿತ್ತು."